ಗಣಕಯಂತ್ರದ ಪ್ರಾರಂಭ ವೈಫಲ್ಯ

ಮೇಜಿನ ಗಣಕಯಂತ್ರದ (ಡೆಸ್ಕ್‌ಟಾಪ್ ಕಂಪ್ಯೂಟರ್) ವಿದ್ಯುತ್ ಗುಂಡಿಯನ್ನು ಒತ್ತಿದ ಬಳಿಕ ಅದು ಕಾರ್ಯಾಚರಣ ವ್ಯವಸ್ಥೆಯ ತೆರೆಯನ್ನು ತಲುಪದೆ ನಡುವೆಯೇ ನಿಂತುಹೋಗುವ ಸ್ಥಿತಿಯನ್ನು ಪ್ರಾರಂಭ ವೈಫಲ್ಯ ಅಥವಾ ಬೂಟ್ ವೈಫಲ್ಯ ಎಂದು ಕರೆಯಲಾಗುತ್ತದೆ. ಜ್ವರವು ಹೇಗೆ ಹಲವು ರೋಗಗಳ ಸಮಾನ ಲಕ್ಷಣವೋ ಹಾಗೆಯೇ ಇದೂ ಹಲವು ದೋಷಗಳ ಸಮಾನ ಲಕ್ಷಣ. ಗೋಡೆಯ ಪ್ಲಗ್ಗಿನಲ್ಲಿರುವ ಸಡಿಲ ಸಂಪರ್ಕದಿಂದ ಹಿಡಿದು ಹಾರ್ಡ್ ಡಿಸ್ಕಿನ ನಾಶದವರೆಗೆ ಯಾವುದೂ ಇದಕ್ಕೆ ಕಾರಣವಾಗಬಹುದು. ಯಂತ್ರವು ಯಾವ ಹಂತದವರೆಗೆ ಸಾಗಿ ನಿಂತಿತು ಎಂಬುದನ್ನು ಗಮನಿಸಿದರೆ ಕಾರಣವನ್ನು ಬಹುಮಟ್ಟಿಗೆ ಊಹಿಸಬಹುದು. ಯಂತ್ರ ಪ್ರಾರಂಭವಾಗಲಿಲ್ಲವೆಂದ ಮಾತ್ರಕ್ಕೆ ಅದರೊಳಗಿನ ಕಡತಗಳು ಅಳಿದುಹೋಗಿವೆ ಎಂದು ಅರ್ಥವಲ್ಲ; ಅನೇಕ ಸಲ ಕಡತಗಳು ಅಳಿಯುವುದು ಅವಸರದ ದುರಸ್ತಿಯಿಂದ.

ಪದದ ಹಿನ್ನೆಲೆ

‘ಬೂಟ್’ ಎಂಬುದು ‘ಬೂಟ್‌ಸ್ಟ್ರಾಪ್’ ಎಂಬ ಪದದ ಮೊಟಕು ರೂಪ. ಪಾದರಕ್ಷೆಯ ಹಿಮ್ಮಡಿಯ ಬಳಿ ಹೊಲಿದಿರುವ ಪಟ್ಟಿಯೇ ಬೂಟ್‌ಸ್ಟ್ರಾಪ್. ತನ್ನ ಬೂಟಿನ ಪಟ್ಟಿಯನ್ನು ತಾನೇ ಹಿಡಿದೆಳೆದು ಮೇಲೇಳುವುದು ಅಸಾಧ್ಯ ಕೆಲಸವೆಂಬ ಅರ್ಥದಲ್ಲಿ ಇಂಗ್ಲಿಷಿನಲ್ಲಿ ಒಂದು ನುಡಿಗಟ್ಟಿದೆ. ಗಣಕಯಂತ್ರದ ಇಕ್ಕಟ್ಟೂ ಅಂಥದ್ದೇ. ತಂತ್ರಾಂಶವನ್ನು ಸ್ಮೃತಿಗೆ ತಂದುಕೊಳ್ಳಲು ಒಂದು ತಂತ್ರಾಂಶ ಬೇಕು. ಆ ತಂತ್ರಾಂಶವನ್ನು ತರುವವರು ಯಾರು? 1970ರ ದಶಕದ ಅನೇಕ ಯಂತ್ರಗಳಲ್ಲಿ ಮನುಷ್ಯನೇ ಈ ಕೆಲಸ ಮಾಡುತ್ತಿದ್ದ. 1975ರ ಆಲ್ಟೇರ್ 8800 ಯಂತ್ರದ ಮುಂಭಾಗದಲ್ಲಿದ್ದ ಸ್ವಿಚ್ಚುಗಳನ್ನು ಒಂದೊಂದಾಗಿ ಮೇಲೆ ಕೆಳಗೆ ಮಾಡಿ, ಮೊದಲ ಆದೇಶಗಳನ್ನು ಕೈಯಿಂದಲೇ ತುಂಬಬೇಕಿತ್ತು. ಬಳಿಕ ಈ ಮೊದಲ ಆದೇಶಗಳನ್ನು ಅಳಿಯದ ಚಿಪ್ಪಿನಲ್ಲಿ ಶಾಶ್ವತವಾಗಿ ಬರೆದಿಡುವ ಪದ್ಧತಿ ಸಾಮಾನ್ಯವಾಯಿತು. 1981ರ ಆಗಸ್ಟಿನಲ್ಲಿ ಬಿಡುಗಡೆಯಾದ ಐಬಿಎಂ ಪಿಸಿಯಲ್ಲಿ ಈ ಚಿಪ್ಪಿನ ತಂತ್ರಾಂಶಕ್ಕೆ ಬಯಾಸ್ ಎಂಬ ಹೆಸರಿತ್ತು. ಈಗಿನ ಯಂತ್ರಗಳಲ್ಲಿ ಅದರ ಸ್ಥಾನವನ್ನು ಯುಇಎಫ್‌ಐ ಎಂಬ ವ್ಯವಸ್ಥೆ ಪಡೆದಿದೆ. ಆದರೂ ಮಾತಿನಲ್ಲಿ ಎಲ್ಲರೂ ಬಯಾಸ್ ಎಂದೇ ಹೇಳುತ್ತಾರೆ.

ಪ್ರಾರಂಭದ ಹಂತಗಳು

ಗುಂಡಿಯನ್ನು ಒತ್ತಿದ ಕೂಡಲೇ ವಿದ್ಯುತ್ ಪೂರೈಕೆಯ ಪೆಟ್ಟಿಗೆ, ಅಂದರೆ ಎಸ್‌ಎಂಪಿಎಸ್, ಮನೆಯ 230 ವೋಲ್ಟ್ ವಿದ್ಯುತ್ತನ್ನು 12, 5 ಮತ್ತು 3.3 ವೋಲ್ಟುಗಳ ನೇರ ವಿದ್ಯುತ್ತಾಗಿ ಪರಿವರ್ತಿಸಿ ಮದರ್‌ಬೋರ್ಡಿಗೆ ಕೊಡುತ್ತದೆ. ಈ ವೋಲ್ಟೇಜುಗಳು ಸ್ಥಿರಗೊಂಡ ಮೇಲೆ ‘ವಿದ್ಯುತ್ ಸರಿಯಾಗಿದೆ’ ಎಂಬ ಒಂದು ಸಂಕೇತವನ್ನೂ ಕಳುಹಿಸುತ್ತದೆ. ಈ ಸಂಕೇತ ಬಾರದಿದ್ದರೆ ಪ್ರೊಸೆಸರ್ ಕೆಲಸವನ್ನು ಆರಂಭಿಸುವುದೇ ಇಲ್ಲ. ಪಂಖ ತಿರುಗಿಯೂ ಯಂತ್ರ ಏಳದಿರುವುದಕ್ಕೆ ಇದೂ ಒಂದು ಕಾರಣ.

ಎರಡನೆಯ ಹಂತದಲ್ಲಿ ಬಯಾಸ್ ತನ್ನ ಸ್ವಯಂಪರೀಕ್ಷೆಯನ್ನು ನಡೆಸುತ್ತದೆ. ಇದನ್ನು ‘ಪೋಸ್ಟ್’ ಎನ್ನುತ್ತಾರೆ. ಪ್ರೊಸೆಸರ್, ರ‍್ಯಾಮ್, ಪರದೆಗೆ ಚಿತ್ರ ಕಳುಹಿಸುವ ಭಾಗ, ಕೀಲಿಮಣೆ ಮುಂತಾದವು ಇವೆಯೇ, ಸ್ಪಂದಿಸುತ್ತಿವೆಯೇ ಎಂದು ನೋಡುವ ಕೆಲಸವಿದು. ತರಗತಿಯಲ್ಲಿ ಹಾಜರಿ ಕೂಗಿದಂತೆ ಎನ್ನಬಹುದು. ಒಂದೇ ವ್ಯತ್ಯಾಸವೆಂದರೆ ಇಲ್ಲಿ ಮುಖ್ಯರಾದ ಕೆಲವರು ಗೈರುಹಾಜರಾದರೆ ಪಾಠವೇ ನಡೆಯುವುದಿಲ್ಲ.

ಮೂರನೆಯದಾಗಿ ಬಯಾಸ್ ತನಗೆ ಸೂಚಿಸಿರುವ ಅನುಕ್ರಮದಲ್ಲಿ ಡಿಸ್ಕುಗಳನ್ನು ನೋಡುತ್ತದೆ. ಹಳೆಯ ಕ್ರಮದಲ್ಲಿ ಡಿಸ್ಕಿನ ಮೊಟ್ಟಮೊದಲ 512 ಬೈಟುಗಳನ್ನು ಓದಿ, ಅಲ್ಲಿರುವ ಪುಟ್ಟ ಆದೇಶಮಾಲೆಗೆ ಅಧಿಕಾರವನ್ನು ವಹಿಸಿಕೊಡುತ್ತಿತ್ತು. ಯುಇಎಫ್‌ಐ ಕ್ರಮದಲ್ಲಿ ಡಿಸ್ಕಿನ ಒಂದು ಪ್ರತ್ಯೇಕ ಸಣ್ಣ ವಿಭಾಗದಲ್ಲಿರುವ ಪ್ರಾರಂಭಕ ಕಡತವನ್ನು ಹುಡುಕಿ ನಡೆಸುತ್ತದೆ. ಆ ಕಡತವು ವಿಂಡೋಸ್ ಅಥವಾ ಲಿನಕ್ಸಿನ ಕರ್ನಲನ್ನು ಸ್ಮೃತಿಗೆ ತರುತ್ತದೆ. ಮುಂದಿನದೆಲ್ಲ ಕಾರ್ಯಾಚರಣ ವ್ಯವಸ್ಥೆಯ ಹೊಣೆ.

ಯಾವ ಸದ್ದೂ ಬೆಳಕೂ ಇಲ್ಲದಿದ್ದರೆ ದೋಷವು ಮೊದಲ ಹಂತದ್ದು. ಪಂಖ ತಿರುಗುತ್ತಿದ್ದು ಪರದೆ ಕಪ್ಪಾಗಿಯೇ ಇದ್ದರೆ ಎರಡನೆಯದು. ತಯಾರಕರ ಲಾಂಛನ ಮೂಡಿ, ಬಳಿಕ ಬಿಳಿ ಅಕ್ಷರಗಳ ದೋಷಸಂದೇಶ ಬಂದರೆ ಮೂರನೆಯದು. ವಿಂಡೋಸಿನ ಸುತ್ತುವ ಚುಕ್ಕಿಗಳವರೆಗೆ ಬಂದು ನಿಂತರೆ ಅಥವಾ ನೀಲಿ ಪರದೆ ಕಾಣಿಸಿಕೊಂಡರೆ, ಕಾರ್ಯಾಚರಣ ವ್ಯವಸ್ಥೆಯನ್ನೋ ಅದು ಕುಳಿತಿರುವ ಡಿಸ್ಕನ್ನೋ ಸಂಶಯಿಸಬೇಕು.

ವಿದ್ಯುತ್ತಿಗೆ ಸಂಬಂಧಿಸಿದ ದೋಷಗಳು

ಯಂತ್ರವು ಸಂಪೂರ್ಣ ನಿರ್ಜೀವವಾಗಿ ಕಂಡಾಗ ಮೊದಲು ನೋಡಬೇಕಾದುದು ಗೋಡೆಯ ಸಾಕೆಟ್ಟನ್ನು. ಅದೇ ಸಾಕೆಟ್ಟಿಗೆ ಮೇಜುದೀಪವನ್ನೋ ಮೊಬೈಲ್ ಚಾರ್ಜರನ್ನೋ ಸಿಕ್ಕಿಸಿ ಪರೀಕ್ಷಿಸಬಹುದು. ಬಳಿಕ ಯುಪಿಎಸ್, ಎಕ್ಸ್‌ಟೆನ್ಶನ್ ಬಾಕ್ಸ್ ಮತ್ತು ತಂತಿ. ಎಸ್‌ಎಂಪಿಎಸ್‌ನ ಹಿಂಭಾಗದಲ್ಲಿಯೇ ಪ್ರತ್ಯೇಕವಾದ ಒಂದು ಸ್ವಿಚ್ ಇರುತ್ತದೆ. ಧೂಳು ಒರೆಸುವಾಗ ಅದು ಆರಿಹೋಗಿರುವ ಸಂದರ್ಭಗಳು ಕಡಿಮೆಯೇನಲ್ಲ. ಹಳೆಯ ಕೆಲವು ಎಸ್‌ಎಂಪಿಎಸ್‌ಗಳಲ್ಲಿ 115 ಮತ್ತು 230 ಎಂದು ಬರೆದಿರುವ ಕೆಂಪು ಸ್ವಿಚ್ಚೊಂದು ಇರುತ್ತದೆ. ಭಾರತದಲ್ಲಿ ಅದು 230ರಲ್ಲಿಯೇ ಇರಬೇಕು. 115ಕ್ಕೆ ಸರಿಸಿ ವಿದ್ಯುತ್ ಹರಿಸಿದರೆ ಪೆಟ್ಟಿಗೆ ಸಿಡಿದ ಸದ್ದಿನೊಂದಿಗೆ ಸುಟ್ಟುಹೋಗುತ್ತದೆ.

ಇವೆಲ್ಲ ಸರಿಯಿದ್ದರೆ ತಂತಿಯನ್ನು ಕಳಚಿ, ಗುಂಡಿಯನ್ನು ಸುಮಾರು 30 ಸೆಕೆಂಡು ಒತ್ತಿಹಿಡಿದು, ಮತ್ತೆ ಜೋಡಿಸಿ ನೋಡುವುದು ವಾಡಿಕೆ. ಮದರ್‌ಬೋರ್ಡಿನಲ್ಲಿ ಉಳಿದಿರುವ ವಿದ್ಯುದಂಶ ಇದರಿಂದ ಇಳಿದುಹೋಗುತ್ತದೆ. ವೋಲ್ಟೇಜಿನ ಏರಿಳಿತದ ಬಳಿಕ ಸ್ತಬ್ಧವಾದ ಎಷ್ಟೋ ಯಂತ್ರಗಳು ಇಷ್ಟರಿಂದಲೇ ಚೇತರಿಸಿಕೊಳ್ಳುತ್ತವೆ.

ಪೆಟ್ಟಿಗೆಯ ಮುಂಭಾಗದ ಗುಂಡಿಯೇ ಕೆಟ್ಟಿರುವುದೂ ಉಂಟು. ಆ ಗುಂಡಿಯಿಂದ ಹೊರಟ ಎರಡು ತೆಳು ತಂತಿಗಳು ಮದರ್‌ಬೋರ್ಡಿನ ಅಂಚಿನಲ್ಲಿರುವ ಎರಡು ಸೂಜಿಗಳಿಗೆ ಸೇರಿರುತ್ತವೆ. ತಂತ್ರಜ್ಞರು ಅದನ್ನು ಕಳಚಿ, ಆ ಎರಡು ಸೂಜಿಗಳನ್ನು ಸ್ಕ್ರೂಡ್ರೈವರಿನ ತುದಿಯಿಂದ ಅರೆಕ್ಷಣ ಮುಟ್ಟಿಸುತ್ತಾರೆ. ಯಂತ್ರ ಎದ್ದರೆ ದೋಷವಿರುವುದು ಗುಂಡಿಯಲ್ಲಿ ಮಾತ್ರ. ಮದರ್‌ಬೋರ್ಡಿಗೆ 24 ಸೂಜಿಗಳ ದೊಡ್ಡ ಸಂಪರ್ಕವಲ್ಲದೆ ಪ್ರೊಸೆಸರಿನ ಪಕ್ಕದಲ್ಲಿ 4 ಅಥವಾ 8 ಸೂಜಿಗಳ ಇನ್ನೊಂದು ಸಂಪರ್ಕವೂ ಇದೆ. ಹೊಸದಾಗಿ ಜೋಡಿಸಿದ ಯಂತ್ರಗಳಲ್ಲಿ ಈ ಎರಡನೆಯದನ್ನು ಮರೆಯುವುದು ಬಹು ಸಾಮಾನ್ಯ.

ಎಸ್‌ಎಂಪಿಎಸ್ ಕೆಟ್ಟಿದೆ ಎಂದು ಖಚಿತವಾದರೆ ಅದನ್ನು ಬದಲಾಯಿಸಬೇಕೇ ಹೊರತು ಮನೆಯಲ್ಲಿ ಬಿಚ್ಚಬಾರದು. ತಂತಿಯನ್ನು ಕಳಚಿದ ಮೇಲೂ ಅದರೊಳಗಿನ ಕೆಪಾಸಿಟರುಗಳಲ್ಲಿ ಪ್ರಾಣಾಪಾಯ ತರಬಲ್ಲಷ್ಟು ವಿದ್ಯುತ್ ಉಳಿದಿರಬಹುದು. ಈ ಲೇಖನದಲ್ಲಿ ಹೇಳಿರುವ ಉಳಿದೆಲ್ಲ ಪ್ರಯತ್ನಗಳಲ್ಲಿ ತಪ್ಪಿದರೆ ಹಣ ಹೋದೀತು. ಇಲ್ಲಿ ಮಾತ್ರ ಜೀವಕ್ಕೇ ಸಂಚಕಾರ.

ಕರ್ನಾಟಕದ ಹಳ್ಳಿಗಳಲ್ಲಿ ವೋಲ್ಟೇಜಿನ ಏರಿಳಿತವೂ ಮಲೆನಾಡಿನಲ್ಲಿ ಸಿಡಿಲೂ ಎಸ್‌ಎಂಪಿಎಸ್‌ಗೆ ಶತ್ರುಗಳು. ಸಿಡಿಲು ವಿದ್ಯುತ್ ತಂತಿಯಿಂದ ಮಾತ್ರವಲ್ಲ, ಅಂತರಜಾಲದ ತಾಮ್ರದ ತಂತಿಯಿಂದಲೂ ಒಳಬರುತ್ತದೆ. ಆದ್ದರಿಂದ ಗುಡುಗಿನ ಸಮಯದಲ್ಲಿ ಎರಡನ್ನೂ ಕಳಚಿಡುವುದು ಒಳ್ಳೆಯದು. ಸರಿಯಾದ ಅರ್ಥಿಂಗ್ ಇಲ್ಲದ ಕಟ್ಟಡಗಳಲ್ಲಿ ಗಣಕದ ಲೋಹದ ಪೆಟ್ಟಿಗೆಯನ್ನು ಮುಟ್ಟಿದಾಗ ಸಣ್ಣಗೆ ಜುಮ್ಮೆನ್ನುತ್ತದೆ. ‘ಎಲ್ಲ ಕಂಪ್ಯೂಟರುಗಳೂ ಹೀಗೆಯೇ’ ಎಂದು ಸುಮ್ಮನಾಗುವವರಿದ್ದಾರೆ. ಅದು ಸರಿಯಲ್ಲ, ವಿದ್ಯುತ್ ಕೆಲಸದವರನ್ನು ಕರೆಸಬೇಕು.

ಪಂಖ ತಿರುಗುತ್ತದೆ, ಪರದೆ ಕಪ್ಪು

ಮೇಜಿನ ಗಣಕಗಳಲ್ಲಿ ಅತಿ ಹೆಚ್ಚಾಗಿ ಕಾಣುವ ದೂರುಗಳಲ್ಲಿ ಇದೂ ಒಂದು. ಮೊದಲಿಗೆ ಮಾನಿಟರಿಗೆ ವಿದ್ಯುತ್ ಇದೆಯೇ, ಅದರ ತಂತಿ ಬಿಗಿಯಾಗಿದೆಯೇ, ಸರಿಯಾದ ಕಿಂಡಿಗೆ ಸೇರಿದೆಯೇ ಎಂದು ನೋಡಬೇಕು. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇರುವ ಯಂತ್ರದಲ್ಲಿ ಎಚ್‌ಡಿಎಂಐ ತಂತಿಯನ್ನು ಆ ಕಾರ್ಡಿಗೇ ಜೋಡಿಸಬೇಕು, ಮದರ್‌ಬೋರ್ಡಿನ ಕಿಂಡಿಗಲ್ಲ.

ಅದು ಸರಿಯಿದ್ದರೆ ಮುಂದಿನ ಸಂಶಯ ರ‍್ಯಾಮಿನ ಮೇಲೆ. ರ‍್ಯಾಮ್ ಪಟ್ಟಿಯ ಅಂಚಿನ ಚಿನ್ನದ ಬಣ್ಣದ ಸಂಪರ್ಕಗಳ ಮೇಲೆ ಕಾಲಕ್ರಮದಲ್ಲಿ ಧೂಳೂ ತೇವದ ಪೊರೆಯೂ ಕೂರುತ್ತವೆ. ಕರಾವಳಿಯ ಉಪ್ಪುಗಾಳಿಯಲ್ಲಿ ಇದು ಇನ್ನೂ ಬೇಗ. ಬೇಸಿಗೆ ರಜೆಯಲ್ಲಿ ಎರಡು ತಿಂಗಳು ಮುಚ್ಚಿದ್ದ ಶಾಲೆಯ ಗಣಕ ಕೊಠಡಿಯನ್ನು ತೆರೆದ ದಿನ ಹತ್ತು ಯಂತ್ರಗಳಲ್ಲಿ ಒಂದೆರಡು ಮುಷ್ಕರ ಹೂಡುವುದನ್ನು ಅಧ್ಯಾಪಕರೆಲ್ಲ ಬಲ್ಲರು. ಪರಿಹಾರ ಸರಳ. ವಿದ್ಯುತ್ ತಂತಿಯನ್ನು ಕಳಚಿ, ಪೆಟ್ಟಿಗೆಯ ಬಣ್ಣ ಬಳಿಯದ ಲೋಹದ ಭಾಗವನ್ನು ಒಮ್ಮೆ ಮುಟ್ಟಿ ಮೈಯ ಸ್ಥಾಯಿ ವಿದ್ಯುತ್ತನ್ನು ಇಳಿಸಿಕೊಂಡು, ಎರಡು ತುದಿಗಳ ಕೊಕ್ಕೆಗಳನ್ನು ಬಿಡಿಸಿ ಪಟ್ಟಿಯನ್ನು ಹೊರತೆಗೆಯಬೇಕು. ಸಂಪರ್ಕಗಳನ್ನು ಪೆನ್ಸಿಲ್ ಅಳಿಸುವ ಮೃದುವಾದ ಬಿಳಿ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿಯನ್ನು ಒಣ ಬ್ರಷ್ಷಿನಿಂದ ಕೊಡವಿ, ಕೊಕ್ಕೆಗಳು ‘ಟಕ್’ ಎಂದು ಕೂರುವವರೆಗೆ ಮತ್ತೆ ಒತ್ತಬೇಕು. ಶಾಯಿ ಅಳಿಸುವ ಒರಟು ರಬ್ಬರನ್ನು ಬಳಸಿದರೆ ಲೇಪನವೇ ಸವೆದುಹೋಗುತ್ತದೆ. ಎರಡು ಪಟ್ಟಿಗಳಿದ್ದರೆ ಒಂದೊಂದನ್ನೇ ಹಾಕಿ, ಕಿಂಡಿಗಳನ್ನೂ ಬದಲಾಯಿಸಿ ನೋಡಿದರೆ ಕೆಟ್ಟಿರುವುದು ಪಟ್ಟಿಯೋ ಕಿಂಡಿಯೋ ತಿಳಿಯುತ್ತದೆ. ಯಂತ್ರ ಎದ್ದು ಮತ್ತೆ ಮತ್ತೆ ಬೀಳುತ್ತಿದ್ದರೆ ಮೆಮ್‌ಟೆಸ್ಟ್86+ ಎಂಬ ಉಚಿತ ತಂತ್ರಾಂಶದಿಂದ ರ‍್ಯಾಮನ್ನು ಪರೀಕ್ಷಿಸಬಹುದು. ಹೊಸ ಡಿಡಿಆರ್5 ರ‍್ಯಾಮ್ ಹಾಕಿದ ಯಂತ್ರವು ಮೊದಲ ಸಲ ಹಲವು ನಿಮಿಷಗಳವರೆಗೂ ಕಪ್ಪು ಪರದೆಯನ್ನೇ ತೋರಿಸಬಹುದು; ಅದು ದೋಷವಲ್ಲ, ತಾಳ್ಮೆಯಿಂದ ಕಾಯಬೇಕು.

ಪರದೆಯ ಮೇಲೆ ಬರೆಯಲಾಗದಾಗ ಬಯಾಸ್ ಸದ್ದಿನಿಂದ ತನ್ನ ದೂರನ್ನು ಹೇಳುತ್ತದೆ. ಇವನ್ನು ಬೀಪ್ ಸಂಕೇತಗಳೆನ್ನುತ್ತಾರೆ. ಹಳೆಯ ಅವಾರ್ಡ್ ಬಯಾಸಿನಲ್ಲಿ ಒಂದು ದೀರ್ಘ ಮತ್ತು ಎರಡು ಹ್ರಸ್ವ ಸದ್ದುಗಳು ಬಂದರೆ ಗ್ರಾಫಿಕ್ಸ್ ಭಾಗದಲ್ಲಿ ತೊಂದರೆಯೆಂದು ಅರ್ಥ. ಹಳೆಯ ಎಎಂಐ ಬಯಾಸಿನಲ್ಲಿ ಮೂರು ಹ್ರಸ್ವ ಸದ್ದುಗಳು ಸ್ಮೃತಿದೋಷವನ್ನು ಸೂಚಿಸುತ್ತಿದ್ದವು. ನಮ್ಮ ಛಂದಸ್ಸಿನ ಗುರು ಲಘುಗಳಂತೆ ಇವನ್ನು ಎಣಿಸಬೇಕು. ಎಲ್ಲ ತಯಾರಕರಿಗೂ ಸಮಾನವಾದ ಪಟ್ಟಿ ಇಲ್ಲದಿರುವುದರಿಂದ ಆಯಾ ಮದರ್‌ಬೋರ್ಡಿನ ಕೈಪಿಡಿಯೇ ಪ್ರಮಾಣ. ಇತ್ತೀಚಿನ ಹಲವು ಬೋರ್ಡುಗಳಲ್ಲಿ ಸದ್ದಿನ ಬದಲು ನಾಲ್ಕು ಪುಟ್ಟ ದೀಪಗಳಿದ್ದು, ಪ್ರೊಸೆಸರ್, ರ‍್ಯಾಮ್, ಗ್ರಾಫಿಕ್ಸ್ ಮತ್ತು ಡಿಸ್ಕ್ ಇವುಗಳಲ್ಲಿ ಪರೀಕ್ಷೆ ಎಲ್ಲಿ ನಿಂತಿತೋ ಆ ದೀಪ ಉರಿಯುತ್ತಿರುತ್ತದೆ.

ಇಷ್ಟರಿಂದಲೂ ತಿಳಿಯದಿದ್ದರೆ ಕನಿಷ್ಠ ಜೋಡಣೆಯ ವಿಧಾನವೊಂದಿದೆ. ಪ್ರೊಸೆಸರ್, ಅದರ ಪಂಖ, ಒಂದೇ ರ‍್ಯಾಮ್ ಪಟ್ಟಿ ಮತ್ತು ಪರದೆ ಇಷ್ಟನ್ನು ಮಾತ್ರ ಉಳಿಸಿ ಮಿಕ್ಕದ್ದನ್ನೆಲ್ಲ ಕಳಚುತ್ತಾರೆ. ಯಂತ್ರ ಎದ್ದ ಬಳಿಕ ಕಳಚಿದ್ದನ್ನು ಒಂದೊಂದಾಗಿ ಸೇರಿಸುತ್ತ ಹೋದರೆ ಯಾವುದನ್ನು ಸೇರಿಸಿದಾಗ ನಿಂತಿತೋ ಅದೇ ಅಪರಾಧಿ. ಒಮ್ಮೆಗೆ ಒಂದನ್ನೇ ಬದಲಾಯಿಸಬೇಕು. ಎರಡನ್ನು ಒಟ್ಟಿಗೆ ಬದಲಾಯಿಸಿದರೆ ಯಂತ್ರ ಸರಿಹೋದರೂ ಏಕೆ ಸರಿಹೋಯಿತೆಂಬುದು ತಿಳಿಯುವುದಿಲ್ಲ.

ಸಿಮಾಸ್ ಬ್ಯಾಟರಿ

ಮದರ್‌ಬೋರ್ಡಿನ ಮೇಲೆ ನಾಣ್ಯದಾಕಾರದ ಬ್ಯಾಟರಿಯೊಂದಿದೆ. ಇದರ ಹೆಸರು ಸಿಆರ್2032. 20 ಮಿಲಿಮೀಟರ್ ವ್ಯಾಸ, 3.2 ಮಿಲಿಮೀಟರ್ ದಪ್ಪ ಎಂಬುದನ್ನೇ ಆ ಅಂಕಿಗಳು ಸೂಚಿಸುತ್ತವೆ. 3 ವೋಲ್ಟಿನ ಈ ಬ್ಯಾಟರಿ, ಯಂತ್ರಕ್ಕೆ ವಿದ್ಯುತ್ ಇಲ್ಲದಾಗಲೂ ಗಡಿಯಾರವನ್ನು ನಡೆಸುತ್ತದೆ. ಕೆಲವು ವರ್ಷಗಳ ಬಳಿಕ ಇದು ಬರಿದಾದಾಗ ದಿನಾಂಕ ಹಿಂದಿನ ಯಾವುದೋ ವರ್ಷಕ್ಕೆ ಜಾರುತ್ತದೆ, ಜಾಲತಾಣಗಳು ಸುರಕ್ಷತೆಯ ಎಚ್ಚರಿಕೆ ನೀಡಿ ತೆರೆಯಲು ನಿರಾಕರಿಸುತ್ತವೆ. ಪ್ರತಿ ಸಲವೂ ‘ಎಫ್1 ಒತ್ತಿ’ ಎಂಬ ಸಂದೇಶ ಬರುವುದೂ ಇದರಿಂದಲೇ.

ಬ್ಯಾಟರಿಯನ್ನು ಬದಲಾಯಿಸುವುದು ಸುಲಭ, ಅಲ್ಪ ಖರ್ಚಿನದು. ಆದರೆ ಸೂಕ್ಷ್ಮವೊಂದಿದೆ. ಬ್ಯಾಟರಿ ಬರಿದಾದಾಗ ಬಯಾಸಿನ ಆಯ್ಕೆಗಳೆಲ್ಲ ಮೂಲಸ್ಥಿತಿಗೆ ಮರಳಬಹುದು. ಡಿಸ್ಕಿನ ಕ್ರಮ ಎಎಚ್‌ಸಿಐಯಿಂದ ಬೇರೊಂದಕ್ಕೆ ಬದಲಾದರೆ, ಏನೂ ಕೆಡದಿದ್ದರೂ ವಿಂಡೋಸ್ ನೀಲಿ ಪರದೆಯನ್ನು ತೋರಿಸುತ್ತದೆ. ಹೊಸ ಬ್ಯಾಟರಿ ಹಾಕಿದ ಮೇಲೆ ದಿನಾಂಕದ ಜೊತೆಗೆ ಈ ಆಯ್ಕೆಯನ್ನೂ ಡಿಸ್ಕುಗಳ ಅನುಕ್ರಮವನ್ನೂ ನೋಡಬೇಕು.

ಡಿಸ್ಕ್ ಮತ್ತು ಪ್ರಾರಂಭಕ ಕಡತಗಳು

‘ನೋ ಬೂಟಬಲ್ ಡಿವೈಸ್’ ಎಂಬ ಸಂದೇಶದ ಅರ್ಥ, ಕಾರ್ಯಾಚರಣ ವ್ಯವಸ್ಥೆ ಇರುವ ಡಿಸ್ಕ್ ಬಯಾಸಿಗೆ ಸಿಗಲಿಲ್ಲವೆಂದು. ಫ್ಲಾಪಿಯ ಕಾಲದಲ್ಲಿ ಮರೆತು ಬಿಟ್ಟ ಫ್ಲಾಪಿಯೇ ಇದಕ್ಕೆ ಕಾರಣವಾಗಿರುತ್ತಿತ್ತು. ಇಂದು ಆ ಸ್ಥಾನದಲ್ಲಿ ಪೆನ್‌ಡ್ರೈವ್ ಇದೆ. ಅದನ್ನು ತೆಗೆದು ಮತ್ತೆ ಪ್ರಯತ್ನಿಸಬೇಕು. ಬಳಿಕ ಬಯಾಸಿನೊಳಗೆ ಹೋಗಿ (ಸಾಮಾನ್ಯವಾಗಿ ಡಿಲೀಟ್ ಅಥವಾ ಎಫ್2 ಕೀಲಿ) ಡಿಸ್ಕಿನ ಹೆಸರು ಕಾಣುತ್ತಿದೆಯೇ ನೋಡಬೇಕು. ಕಾಣದಿದ್ದರೆ ಸಾಟಾ ತಂತಿ ಸಡಿಲವಾಗಿರಬಹುದು, ಇಲ್ಲವೇ ಡಿಸ್ಕೇ ಸತ್ತಿರಬಹುದು. ಕಾಣುತ್ತಿದ್ದರೆ ಪ್ರಾರಂಭಕ ಕಡತಗಳು ಹಾಳಾಗಿವೆ. ವಿಂಡೋಸ್ ಎಕ್ಸ್‌ಪಿಯವರೆಗೆ ‘ಎನ್‌ಟಿಎಲ್‌ಡಿಆರ್ ಈಸ್ ಮಿಸ್ಸಿಂಗ್’ ಎಂದೂ ವಿಸ್ಟಾದಿಂದೀಚೆಗೆ ‘ಬೂಟ್‌ಎಂಜಿಆರ್ ಈಸ್ ಮಿಸ್ಸಿಂಗ್’ ಎಂದೂ ಬರುವುದು ಈ ಸಂದರ್ಭದಲ್ಲಿ. ಲಿನಕ್ಸಿನಲ್ಲಿ ‘ಗ್ರಬ್ ರೆಸ್ಕ್ಯೂ’ ಎಂಬ ಸಾಲು ಕಾಣುತ್ತದೆ. ಒಂದೇ ಡಿಸ್ಕಿನಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎರಡನ್ನೂ ಇಟ್ಟುಕೊಂಡು, ಲಿನಕ್ಸಿನ ವಿಭಾಗವನ್ನು ಅಳಿಸಿದವರಿಗೆ ಇದು ಪರಿಚಿತ.

ಹಾರ್ಡ್ ಡಿಸ್ಕಿನಿಂದ ಕಟ್ ಕಟ್ ಎಂಬ ಲಯಬದ್ಧ ಸದ್ದು ಬರುತ್ತಿದ್ದರೆ ಒಳಗಿನ ಓದುವ ತಲೆ ಕೆಟ್ಟಿರುವ ಸಂಭವ ಹೆಚ್ಚು. ಕೂಡಲೇ ಯಂತ್ರವನ್ನು ಆರಿಸಬೇಕು. ಮತ್ತೆ ಮತ್ತೆ ಚಾಲೂ ಮಾಡಿದಷ್ಟೂ ಉಳಿದಿರುವ ಮಾಹಿತಿ ನಾಶವಾಗುತ್ತದೆ. ಎಸ್‌ಎಸ್‌ಡಿಗಳು ಇಂಥ ಸೂಚನೆಯನ್ನೂ ಕೊಡದೆ, ನಿನ್ನೆ ಚೆನ್ನಾಗಿದ್ದವು ಇಂದು ಮೌನವಾಗಿಬಿಡಬಹುದು.

ಕಾರ್ಯಾಚರಣ ವ್ಯವಸ್ಥೆಯ ದೋಷಗಳು

ವಿಂಡೋಸ್ 10 ಮತ್ತು 11ರಲ್ಲಿ ಪ್ರಾರಂಭವು ಅನುಕ್ರಮವಾಗಿ ಎರಡು ಮೂರು ಸಲ ವಿಫಲವಾದರೆ ದುರಸ್ತಿಯ ತೆರೆ ತಾನಾಗಿಯೇ ಬರುತ್ತದೆ. ಅಲ್ಲಿ ಸ್ವಯಂಚಾಲಿತ ದುರಸ್ತಿ, ಹಿಂದಿನ ಸ್ಥಿತಿಗೆ ಮರಳುವಿಕೆ, ಇತ್ತೀಚಿನ ಪರಿಷ್ಕರಣೆಯನ್ನು ತೆಗೆದುಹಾಕುವಿಕೆ ಮತ್ತು ಸೇಫ್ ಮೋಡ್ ಇವೆ. ಸೇಫ್ ಮೋಡಿನಲ್ಲಿ ವಿಂಡೋಸ್ ಅತ್ಯಗತ್ಯ ಚಾಲಕ ತಂತ್ರಾಂಶಗಳನ್ನು ಮಾತ್ರ ತೆರೆಯುತ್ತದೆ. ಯಂತ್ರವು ಅಲ್ಲಿ ಸುಗಮವಾಗಿ ನಡೆದರೆ ಯಂತ್ರಾಂಶ ಬಹುಪಾಲು ಸರಿಯಿದೆ, ಇತ್ತೀಚೆಗೆ ಸೇರಿಸಿದ ಚಾಲಕ ಅಥವಾ ತಂತ್ರಾಂಶ ತೊಂದರೆ ಕೊಡುತ್ತಿದೆ ಎಂದು ತಿಳಿಯಬೇಕು. ಹಳೆಯ ವಿಂಡೋಸಿನಲ್ಲಿ ಎಫ್8 ಕೀಲಿಯನ್ನು ಒತ್ತಿದರೆ ಸೇಫ್ ಮೋಡ್ ಸಿಗುತ್ತಿತ್ತು. ವಿಂಡೋಸ್ 8ರಿಂದ ಈ ಅಭ್ಯಾಸ ಸಾಮಾನ್ಯವಾಗಿ ಫಲಿಸದು.

ಗೂಢಲಿಪೀಕರಣ (ಬಿಟ್‌ಲಾಕರ್) ಇರುವ ಯಂತ್ರಗಳು ಬಯಾಸಿನಲ್ಲಿ ಬದಲಾವಣೆಯಾದಾಗ 48 ಅಂಕಿಗಳ ಮರುಪಡೆಯುವ ಕೀಲಿಯನ್ನು ಕೇಳಬಹುದು. ಅದಿಲ್ಲದೆ ಕಡತಗಳನ್ನು ಯಾರೂ ತೆರೆಯಲಾರರು. ಯಂತ್ರ ಚೆನ್ನಾಗಿರುವಾಗಲೇ ಆ ಅಂಕಿಗಳನ್ನು ಕಾಗದದ ಮೇಲೆ ಬರೆದು ಬೇರೆಡೆ ಇಟ್ಟುಕೊಳ್ಳುವುದು ಕ್ಷೇಮ.

ದುರಸ್ತಿಗೆ ಮುನ್ನ ಕಡತಗಳ ರಕ್ಷಣೆ

ಪ್ರಾರಂಭ ವೈಫಲ್ಯಕ್ಕೆ ಎಲ್ಲೆಡೆ ಸೂಚಿಸಲಾಗುವ ಸುಲಭ ಮದ್ದೆಂದರೆ ಡಿಸ್ಕನ್ನು ಫಾರ್ಮ್ಯಾಟ್ ಮಾಡಿ ವಿಂಡೋಸನ್ನು ಹೊಸದಾಗಿ ಹಾಕುವುದು. ದುರಸ್ತಿಗಾರನಿಗೆ ಅದು ಒಂದು ಗಂಟೆಯ ಕೆಲಸ. ಯಂತ್ರದ ಒಡೆಯನಿಗೆ ಮಾತ್ರ ಮಗಳ ಮದುವೆಯ ಚಿತ್ರಗಳು, ಅರ್ಧ ಬರೆದ ಪ್ರಬಂಧ, ಅಂಗಡಿಯ ಲೆಕ್ಕ ಎಲ್ಲವೂ ಹೋಗುತ್ತವೆ. ರ‍್ಯಾಮಿನ ಧೂಳಿನಿಂದ ನಿಂತ ಯಂತ್ರಕ್ಕೂ ಈ ಚಿಕಿತ್ಸೆ ನಡೆದ ಉದಾಹರಣೆಗಳಿವೆ. ಆದ್ದರಿಂದ ಅಂಗಡಿಗೆ ಒಯ್ಯುವಾಗ ‘ಕಡತಗಳನ್ನು ನಕಲು ಮಾಡದೆ ಫಾರ್ಮ್ಯಾಟ್ ಮಾಡಬಾರದು’ ಎಂದು ರಸೀದಿಯಲ್ಲಿಯೇ ಬರೆಸಬೇಕು.

ನಕಲು ಮಾಡಲು ಎರಡು ದಾರಿಗಳಿವೆ. ಮೊದಲನೆಯದು, ಉಬುಂಟುವಿನಂಥ ಲಿನಕ್ಸನ್ನು ಇನ್ನೊಂದು ಗಣಕದಲ್ಲಿ ಪೆನ್‌ಡ್ರೈವಿಗೆ ಬರೆದುಕೊಂಡು, ಕೆಟ್ಟ ಯಂತ್ರವನ್ನು ಆ ಪೆನ್‌ಡ್ರೈವಿನಿಂದಲೇ ಎಬ್ಬಿಸುವುದು. ಡಿಸ್ಕಿಗೆ ಏನನ್ನೂ ಸ್ಥಾಪಿಸದೆ ‘ಪ್ರಯತ್ನಿಸಿ ನೋಡಿ’ ಎಂಬ ಆಯ್ಕೆಯನ್ನು ಆರಿಸಿದರೆ ಅಲ್ಲಿನ ಕಡತಗಳು ಕಾಣುತ್ತವೆ. ಅವನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿಕೊಳ್ಳಬಹುದು. ಎರಡನೆಯದು, ಡಿಸ್ಕನ್ನು ಕಳಚಿ, ಸಾಟಾದಿಂದ ಯುಎಸ್‌ಬಿಗೆ ಬದಲಿಸುವ ತಂತಿಯ ಮೂಲಕ ಬೇರೊಂದು ಗಣಕಕ್ಕೆ ಜೋಡಿಸುವುದು. ಇಂಥ ತಂತಿಗಳು, ಎಸ್‌ಎಂಪಿಎಸ್ ಮತ್ತು ಬ್ಯಾಟರಿಗಳು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಷ್ಟೇ ಅಲ್ಲದೆ ಈಗ ಎಲ್ಲ ಜಿಲ್ಲಾ ಕೇಂದ್ರಗಳಲ್ಲಿಯೂ ದೊರೆಯುತ್ತವೆ. ಕಟ್ ಕಟ್ ಸದ್ದು ಮಾಡುವ ಡಿಸ್ಕಿಗೆ ಈ ಎರಡೂ ದಾರಿಗಳು ಸಲ್ಲವು. ಅದರಲ್ಲಿ ಅಮೂಲ್ಯವಾದುದೇನಾದರೂ ಇದ್ದರೆ ದತ್ತಾಂಶ ಮರುಗಳಿಕೆಯ ಪ್ರಯೋಗಾಲಯಕ್ಕೆ ಒಪ್ಪಿಸಬೇಕು.

ಸಾಮೂಹಿಕ ವೈಫಲ್ಯಗಳು

ಕೆಲವೊಮ್ಮೆ ಈ ದೋಷ ಸಾಂಕ್ರಾಮಿಕದಂತೆ ಹರಡಿದ್ದುಂಟು. 1998ರಲ್ಲಿ ತೈವಾನಿನ ವಿದ್ಯಾರ್ಥಿಯೊಬ್ಬ ರಚಿಸಿದ ಸಿಐಎಚ್ ಎಂಬ ವೈರಸ್ 1999ರ ಏಪ್ರಿಲ್ 26ರಂದು ಏಷ್ಯಾದ ಹಲವು ದೇಶಗಳಲ್ಲಿ ಅಪಾರ ಸಂಖ್ಯೆಯ ವಿಂಡೋಸ್ 95 ಮತ್ತು 98 ಯಂತ್ರಗಳನ್ನು ಕೆಡಿಸಿತು. ಅದು ಡಿಸ್ಕಿನ ಮೊದಲ ಭಾಗವನ್ನು ಅಳಿಸುವುದರ ಜೊತೆಗೆ, ಕೆಲವು ಬೋರ್ಡುಗಳ ಬಯಾಸ್ ಚಿಪ್ಪನ್ನೂ ಹಾಳುಮಾಡುತ್ತಿತ್ತು. ಚೆರ್ನೋಬಿಲ್ ದುರಂತದ ದಿನಾಂಕವೂ ಅದೇ ಆಗಿದ್ದರಿಂದ ಅದಕ್ಕೆ ಚೆರ್ನೋಬಿಲ್ ವೈರಸ್ ಎಂಬ ಹೆಸರೂ ಬಂತು. ಇದೇ ಸುಮಾರಿಗೆ, 2000ದ ದಶಕದ ಮೊದಲ ವರ್ಷಗಳಲ್ಲಿ, ಕಳಪೆ ದ್ರಾವಣ ತುಂಬಿದ ಕೆಪಾಸಿಟರುಗಳಿಂದ ಅನೇಕ ಮದರ್‌ಬೋರ್ಡುಗಳು ಅಕಾಲದಲ್ಲಿ ಕೆಟ್ಟವು. ತಲೆ ಉಬ್ಬಿದ, ಕಂದು ದ್ರವ ಒಸರುವ ಕೆಪಾಸಿಟರುಗಳನ್ನು ಆ ಕಾಲದ ಹಳೆಯ ಯಂತ್ರಗಳಲ್ಲಿ ಈಗಲೂ ಕಾಣಬಹುದು.

2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಂಸ್ಥೆಯ ದೋಷಯುಕ್ತ ಪರಿಷ್ಕರಣೆಯೊಂದು, ಮೈಕ್ರೋಸಾಫ್ಟಿನ ಅಂದಾಜಿನಂತೆ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳನ್ನು ನೀಲಿ ಪರದೆಗೆ ತಳ್ಳಿತು. ಭಾರತೀಯ ಕಾಲಮಾನದಂತೆ ಬೆಳಿಗ್ಗೆ 9.39ಕ್ಕೆ ಹೊರಟ ಆ ಕಡತವನ್ನು 10.57ಕ್ಕೆ ಹಿಂಪಡೆಯಲಾಯಿತು. ಆದರೆ ಅಷ್ಟರೊಳಗೆ ಬಿದ್ದ ಯಂತ್ರಗಳು ಏಳಲಾರದೆ ಮತ್ತೆ ಮತ್ತೆ ಪ್ರಾರಂಭವಾಗಿ ಮತ್ತೆ ಮತ್ತೆ ಬೀಳುತ್ತಿದ್ದವು. ಭಾರತದ ಕೆಲವು ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಕೈಯಿಂದ ಬರೆದ ಬೋರ್ಡಿಂಗ್ ಪಾಸುಗಳನ್ನು ಕೊಡಲಾಯಿತು. ಪರಿಹಾರವು ಮೇಲೆ ಹೇಳಿದ್ದೇ ಆಗಿತ್ತು: ಯಂತ್ರವನ್ನು ಸೇಫ್ ಮೋಡಿನಲ್ಲಿ ಎಬ್ಬಿಸಿ ಆ ಒಂದು ಕಡತವನ್ನು ಅಳಿಸುವುದು. ಅನೇಕ ಕಡೆ ಇದನ್ನು ದೂರದಿಂದ ಮಾಡಲಾಗದೆ, ತಂತ್ರಜ್ಞರು ಒಂದೊಂದು ಯಂತ್ರದ ಮುಂದೆಯೂ ಕುಳಿತು, ಬಿಟ್‌ಲಾಕರ್ ಇದ್ದಲ್ಲಿ 48 ಅಂಕಿಗಳನ್ನೂ ಕೀಲಿಸಿ ಸರಿಪಡಿಸಬೇಕಾಯಿತು.